ದಸರೆಗೆ ತೊಳೆಯದ ಕಂಪ್ಯೂಟರ್

ಚಿಕ್ಕೋಡಿಯ ನಮ್ಮ ಮನೆಯ ನಡುಮನೆಯಲ್ಲಿ, ದೇವರ ಜಗಲಿಯ ಬಲಕ್ಕೆ, ಒಂದು ಹಳೆಯ ಕಂಪ್ಯೂಟರ್ ಇದೆ. ಬಿಳಿ ಇದ್ದದ್ದು ಈಗ ಹಳದಿಗಟ್ಟಿದೆ. ಹಚ್ಚಿದರೆ ಒಳಗಿನ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡುತ್ತದೆ. ದಸರೆಯ ಖಂಡೇಪೂಜೆಯ ದಿನ ಅದಕ್ಕೆ ವಿಭೂತಿ ಹಚ್ಚಿ, ಚೆಂಡುಹೂವು ಏರಿಸಿ, ಊದಿನಕಡ್ಡಿ ಬೆಳಗುತ್ತೇನೆ. ಆದರೆ ಅದರ ಹೊಟ್ಟೆಯೊಳಗೆ ಕೈ ಹಾಕಲು ಯಾರನ್ನೂ ಬಿಡುವುದಿಲ್ಲ. ಬಂದವರು "ಇದನ್ನ ಇನ್ನೂ ಇಟ್ಕೊಂಡೀರಿ?" ಅನ್ನುತ್ತಾರೆ. ಇಟ್ಕೊಂಡೇನಿ. ಇನ್ನೂ ಇಟ್ಕೋತೇನಿ. ಯಾಕೆ ಎಂದು ಬಂದವರಿಗೆಲ್ಲ ಹೇಳಿ ಹೇಳಿ ಸಾಕಾಗಿದೆ. ಒಂದು ಸಲ ಬರೆದಿಟ್ಟರೆ ತಣ್ಣಗಾದೀತು ಎಂದು ಕೂತಿದ್ದೇನೆ.

ನಾನು ಕಂಪ್ಯೂಟರ್ ಕಲಿತವಳಲ್ಲ. ಮೌಸ್ ಹಿಡಿದರೆ ಬಾಣದ ಗುರುತು ಪರದೆಯ ಮೂಲೆಗೆ ಓಡಿ ಕೂತುಬಿಡುತ್ತದೆ. ನನ್ನ ದಿನ ಲಿಂಗಪೂಜೆಯಿಂದ ಶುರುವಾಗಿ, ಸಂಜೆ ದೀಪ ಹಚ್ಚಿ ಆ ದಿನ ಕಂಡ ಸಣ್ಣ ಸಣ್ಣ ದಯೆಗಳನ್ನು ಎಣಿಸುವುದರಲ್ಲಿ ಮುಗಿಯುತ್ತದೆ. ನಳದ ನೀರು ಹೊತ್ತಿಗೆ ಸರಿಯಾಗಿ ಬಂತು, ಅವನ ದಯೆ. ಹಾಲು ಒಡೆಯಲಿಲ್ಲ, ಅದೂ ಅವನ ದಯೆ. ಕಂಪ್ಯೂಟರ್ ಕಲಿತವಳು ನನ್ನ ಸೊಸೆ. ಅಥಣಿ ಕಡೆಯ ಹುಡುಗಿ, ಬಿಸಿಎ ಮಾಡಿದವಳು. ನನ್ನ ಮಗ ಕಾಗವಾಡದ ಹತ್ತಿರ ಶಾಲೆಯಲ್ಲಿ ಮಾಸ್ತರ. ಬೆಳಿಗ್ಗೆ ಗಾಡಿ ಹತ್ತಿದರೆ ಸಂಜೆಗೆ ಮನೆ ಕಾಣುವವನು. ಯಜಮಾನರು ಹೊಲದ ಕಡೆ. ಹೀಗಾಗಿ ಹಗಲೆಲ್ಲ ಮನೆಯಲ್ಲಿ ನಾನು, ಸೊಸೆ, ಮತ್ತೆ ಅವಳ ತವರಿನಿಂದ ಅವಳ ಜೊತೆಗೇ ಬಂದ ಈ ಕಂಪ್ಯೂಟರ್.

ಮೊದಲು ಇನ್ನೊಂದು ಮಾತು ಹೇಳಬೇಕು. ನಮ್ಮ ಮನೆದೇವರು ಯಡೂರಿನ ವೀರಭದ್ರ. ಅಮಾವಾಸ್ಯೆಗೆ ಹೋಗಿ, ಹೊಳೆದಂಡೆಯಲ್ಲಿ ಒಲೆ ಹೂಡಿ, ಹೋಳಿಗೆ ಮಾಡಿ ನೈವೇದ್ಯ ತೋರಿಸಿ ಬರುವುದು ನಮ್ಮ ನಡೆ. ಇದರಲ್ಲಿ ನಮ್ಮ ಅತ್ತೆಯವರದು ಒಂದು ಕಟ್ಟಪ್ಪಣೆ ಇತ್ತು: ನೈವೇದ್ಯಕ್ಕೆ ಬೇಕಾದ ಒಂದೊಂದು ಸಾಮಾನೂ ಮನೆಯಿಂದಲೇ ಹೋಗಬೇಕು. ಬೇಳೆ, ಬೆಲ್ಲ, ಹಿಟ್ಟು, ತುಪ್ಪ ಇರಲಿ, ಅವನ್ನು ಎಲ್ಲರೂ ಒಯ್ಯುತ್ತಾರೆ. ನಮ್ಮ ಗಂಟಿನಲ್ಲಿ ಹಂಚು, ಲಟ್ಟಣಿಗೆ, ಕುಳ್ಳು, ಕಡ್ಡಿಪೆಟ್ಟಿಗೆ, ಹೂರಣ ಅರೆಯುವ ಸಣ್ಣ ಕಲ್ಲು ಕೂಡ ಹೋಗಬೇಕು. "ದೇವರ ಬಾಗಲದಾಗ ನಿಂತು ಮಂದಿ ಹತ್ರ ಕಡ್ಡಿ ಬೇಡಬಾರದು. ಬೇಡೂದಿದ್ರ ಅವನ ಹತ್ರ ಬೇಡು," ಅನ್ನುತ್ತಿದ್ದರು. ಆ ಗಂಟು ಹೊತ್ತು ಬಸ್ಸು ಹತ್ತಿದರೆ ಕಂಡಕ್ಟರು ನಗುತ್ತಿದ್ದ. "ಏನವ್ವಾ, ಮನಿ ಖಾಲಿ ಮಾಡಿ ಹೊಂಟೀರೇನು?" ಓರಗಿತ್ತಿಯರೂ ನಗುತ್ತಿದ್ದರು. ಯಡೂರಿನಲ್ಲಿ ಅಂಗಡಿ ಇಲ್ಲವೇ, ಅಲ್ಲಿ ಕಲ್ಲು ಸಿಗುವುದಿಲ್ಲವೇ ಎಂದು. ಸಿಗುತ್ತದೆ. ಆದರೆ ಒಂದು ಶ್ರಾವಣದಲ್ಲಿ ಕೃಷ್ಣೆ ಏರಿ ಅಂಗಡಿಗಳೆಲ್ಲ ಮುಚ್ಚಿದ್ದವು. ಗುಡಿಯ ಹಿಂದಿನ ದಿಬ್ಬದ ಮೇಲೆ ಅಂದು ಹೊಗೆ ಎದ್ದದ್ದು ನಮ್ಮ ಒಲೆಯಿಂದ. ಅತ್ತೆ ಎಲ್ಲರಿಗೂ ಕಡ್ಡಿ ಕೊಟ್ಟರು. ಅತ್ತೆ ಹೋದ ಮೇಲೂ ನಾನು ಆ ಗಂಟನ್ನು ಒಂದು ಚಮಚೆಯಷ್ಟೂ ಸಣ್ಣದು ಮಾಡಿಲ್ಲ.

ಈಗ ಸೊಸೆಯ ಕೆಲಸ. ಎರಡು ಸಾವಿರದ ಹತ್ತರ ಆಸುಪಾಸಿನಲ್ಲಿ ಅವಳು ಹಾಲಿನ ಡೇರಿಗೆ ಒಂದು ಪ್ರೋಗ್ರಾಮ್ ಬರೆದಳು. ಹಾಲು ಹಾಕಲು ಬಂದವರ ಲೀಟರು, ಫ್ಯಾಟು ಬರೆದುಕೊಂಡು ಅಲ್ಲೇ ಚೀಟಿ ಕೊಡುವ ಪ್ರೋಗ್ರಾಮು. ಯಡೂರಿನ ಹೆಣ್ಣುಮಕ್ಕಳ ಡೇರಿ ಮೊದಲು ತೆಗೆದುಕೊಂಡಿತು. ಆಮೇಲೆ ರಾಯಬಾಗ ತಾಲೂಕಿನ ಪಾಲಬಾವಿ, ಆಮೇಲೆ ಅವಳ ತವರಿನ ಕಡೆಯ ಅನಂತಪುರ. ಅದರಲ್ಲಿ ಅವಳು ಒಂದು ಕಿತಾಪತಿ ಮಾಡಿದ್ದಳು. ಮೊದಲೆಲ್ಲ ಡೇರಿಯ ಪುಸ್ತಕದಲ್ಲಿ ಮನೆಯ ಗಂಡಸಿನ ಹೆಸರು ಇರುತ್ತಿತ್ತು. ಇವಳ ಚೀಟಿಯಲ್ಲಿ ಹಾಲು ತಂದು ಸುರಿದವಳ ಹೆಸರು, ಅದೂ ಕನ್ನಡದಲ್ಲಿ. ಯಡೂರಿನ ಮುದುಕಿಯೊಬ್ಬಳು ಆ ಚೀಟಿಯನ್ನು ಕುಪ್ಪಸದಲ್ಲಿಟ್ಟುಕೊಂಡು ಗುಡಿಗೆ ಬಂದು ನನಗೆ ತೋರಿಸಿದಳು. "ರೇಶನ್ ಕಾರ್ಡ್ ಬಿಟ್ರ ನನ್ನ ಹೆಸರು ಇದರಾಗಷ್ಟ ಐತಿ ನೋಡ ತಂಗಿ." ಅವತ್ತಿನಿಂದ ಆ ಪ್ರೋಗ್ರಾಮು ನನ್ನದೂ ಆಯಿತು.

ಅದನ್ನು ಬರೆದ ಭಾಷೆಗೆ ಹೆಬ್ಬಾವಿನ ಹೆಸರಂತೆ. ಕೇಳಿ ನಾನು, "ಹಂಗಾರ ಪಂಚಮಿಗೆ ಅದಕ್ಕ ಹಾಲು ಎರೀಬೇಕಲ್ಲ?" ಅಂದೆ.

"ವರ್ಷಪೂರ್ತಿ ಹಾಲಿನಾಗ ಇರತೈತ್ರಿ ಅತ್ತಿ, ಪಂಚಮಿ ಒಂದಕ್ಕ ಯಾಕ?" ಅಂದಳು.

ಮೊದಲ ಕೆಲವು ತಿಂಗಳು ಎಲ್ಲ ಸುಸೂತ್ರ. ಆಮೇಲೆ ದಸರೆ ಬಂತು.

ನಮ್ಮ ಕಡೆ ಖಂಡೇಪೂಜೆ ಎಂದರೆ ಮನೆಯ, ಹೊಲದ, ಅಂಗಡಿಯ ಒಂದೊಂದು ಸಾಮಾನನ್ನೂ ತೊಳೆದು ತಿಕ್ಕಿ ಪೂಜೆಗೆ ಇಡಬೇಕು. ಕುಡಗೋಲು, ರಂಟೆ, ಟ್ರ್ಯಾಕ್ಟರು, ಹೊಲಿಗೆ ಮಶೀನು. ಡೇರಿಗಳಿಗೆ ಕಂಪ್ಯೂಟರ್ ಬಂದ ಮೇಲೆ ಪ್ರಶ್ನೆ ಬಂತು: ಇದನ್ನು ತೊಳೆಯುವುದು ಹೇಗೆ? ನೀರು ಹಾಕುವಂತಿಲ್ಲ. ನಿಪ್ಪಾಣಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟವನೊಬ್ಬನಿದ್ದ. ಈ ಭಾಗದ ಡೇರಿಗಳ ಮಶೀನುಗಳೆಲ್ಲ ಅವನ ಕೈಯಿಂದ ಬಂದವು. ಅವನಿಗೇ ಹೇಳಿದರು. ಅವನು ದಸರೆಯ ಮುಂಚೆ ಊರೂರು ತಿರುಗಿ ಎಲ್ಲ ಕಂಪ್ಯೂಟರುಗಳನ್ನೂ ಫಾರ್ಮ್ಯಾಟ್ ಹೊಡೆದುಕೊಟ್ಟ. ಅಂದರೆ ಒಳಗಿದ್ದದ್ದನ್ನೆಲ್ಲ ಒರೆಸಿ ಹೊಸದಾಗಿ ತುಂಬುವುದು. ಹಾಲಿನ ಲೆಕ್ಕದ ಫೈಲನ್ನು ಮಾತ್ರ ಜೋಪಾನವಾಗಿ ತೆಗೆದಿಟ್ಟು ಮತ್ತೆ ಹಾಕಿದ. ಅವನು ಕೆಟ್ಟವನಲ್ಲ, ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಸೊಸೆಯ ಪ್ರೋಗ್ರಾಮು ನಡೆಯಲು ಆ ಹೆಬ್ಬಾವಿನ ಭಾಷೆ ಬೇಕು ಎಂದು ಯಾರೋ ಹೇಳಿದ್ದಕ್ಕೆ ಅದನ್ನೂ ತಂದು ಹಾಕಿದ. ಹಬ್ಬಕ್ಕೆ ಹಳೆಯದನ್ನು ಯಾರು ಹಾಕುತ್ತಾರೆ? ಇದ್ದುದರಲ್ಲೇ ಎಲ್ಲಕ್ಕಿಂತ ಹೊಸ ವರ್ಷನ್ ಹಾಕಿದ.

ಪೂಜೆಗೆ ಇಟ್ಟ ಮಶೀನಿಗೆ ಬನ್ನಿಯ ತನಕ ಕೆಲಸ ಇಲ್ಲ. ಬನ್ನಿ ಕೊಟ್ಟ ಮಾರನೆಯ ಬೆಳಿಗ್ಗೆ ಮೂರೂ ಊರುಗಳಿಂದ ಫೋನು. ಪ್ರೋಗ್ರಾಮು ಏಳುತ್ತಿಲ್ಲ. ಹಾಲು ತಂದ ಮಂದಿ ಕೊಡ ಹಿಡಿದು ಸಾಲಿನಲ್ಲಿ ನಿಂತಿದ್ದಾರೆ. ಹಾಲು ಕಾಯುವ ವಸ್ತುವಲ್ಲ. ಹಳೆಯ ಪುಸ್ತಕ ತೆಗೆದರು, ಗಂಡಸರ ಹೆಸರು ಬರೆದರು.

ಸೊಸೆ ಮೂರೂ ಊರು ತಿರುಗಿ ಸರಿಮಾಡಿ ಬಂದಳು. "ಏನಾಗಿತ್ತು ಯವ್ವಾ?" ಎಂದು ಕೇಳಿದೆ.

"ಆ ಭಾಷಾದ್ದು ಎರಡನೇ ವರ್ಷನ್ನಿನಾಗ ನಾ ಬರದೇನ್ರಿ ಅತ್ತಿ. ಅವರು ಮೂರನೇದು ಹಾಕ್ಯಾರ. ಎರಡನೇದರಾಗ ಬರದದ್ದು ಮೂರನೇದಕ್ಕ ತಿಳಿಯಂಗಿಲ್ಲ. ಮೊದಲನೇ ಸಾಲಿಗೇ ತಪ್ಪು ತಪ್ಪು ಅಂತ ಕುಂತ್‌ಬಿಡತೈತಿ."

"ನೀನೂ ಮೂರನೇದರಾಗ ಬರೀ ಅಲಾ."

"ಬರೀತಿದ್ದೆ. ಚೀಟಿ ಅಚ್ಚು ಹಾಕೂದನ್ನ ನಾ ಮಾಡಿಲ್ರಿ, ಅದು ಬ್ಯಾರೆಯವರು ಮಾಡಿ ಕೊಟ್ಟ ತುಣುಕು. ಆ ತುಣುಕು ಮೂರನೇದಕ್ಕ ಇನ್ನೂ ಬಂದಿಲ್ಲ. ನನ್ನ ಪ್ರೋಗ್ರಾಮು ನನ್ನ ಒಬ್ಬಾಕಿ ಮ್ಯಾಲ ನಿಂತಿಲ್ರಿ, ಅಂಥಾ ನಾಕಾರು ತುಣುಕಿನ ಮ್ಯಾಲ ನಿಂತೈತಿ. ಒಂದ ಸರದ್ರ ಎಲ್ಲಾ ಬೀಳತೈತಿ."

ನನಗೆ ಅರ್ಥವಾಯಿತು. ಹೋಳಿಗೆ ಮಾಡುವವಳಿಗೆ ಅರ್ಥವಾಗದ್ದೇನೂ ಅದರಲ್ಲಿರಲಿಲ್ಲ.

ಮುಂದಿನ ವರ್ಷ ಅವಳು ಮೂರೂ ಡೇರಿಯ ಗೋಡೆಗೆ ಕನ್ನಡ, ಮರಾಠಿ ಎರಡರಲ್ಲೂ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ ಬಂದಳು: ಯಾವ ವರ್ಷನ್ ಹಾಕಬೇಕು, ಯಾವ ತುಣುಕು ಯಾವ ವರ್ಷನ್ನಿನದು, ಯಾವುದಾದ ಮೇಲೆ ಯಾವುದು. ದಸರೆ ಬಂತು. ಗೋಡೆಗೆ ಸುಣ್ಣ ಹೊಡೆದರು. ಕಾಗದ ಸುಣ್ಣದಡಿ ಹೋಯಿತು. ಮತ್ತೆ ಮೂರು ಫೋನು. ಈ ಸಲ ಅನಂತಪುರದಲ್ಲಿ ಭಾಷೆ ಹಳೆಯದೇ ಸಿಕ್ಕಿತ್ತು, ಆದರೆ ಚೀಟಿಯ ತುಣುಕು ಹೊಸದಾಗಿತ್ತು. ಪಾಲಬಾವಿಯಲ್ಲಿ ಎಲ್ಲ ಸರಿಯಿತ್ತು, ಕನ್ನಡದ ಅಕ್ಷರಗಳ ಫಾಂಟು ಇರಲಿಲ್ಲ. ಹೆಸರಿನ ಜಾಗದಲ್ಲಿ ಸಾಲಾಗಿ ಚೌಕ ಚೌಕ ಡಬ್ಬಿ ಬಂದಿದ್ದವು. ಅಲ್ಲಿಯ ಸೆಕ್ರೆಟರಿ ಸೊಸೆಗೆ ಫೋನಿನಲ್ಲಿ ಕೂಗಿದ್ದು ನನಗೂ ಕೇಳಿಸಿತು. "ಬಾಯಾರ, ಮಂದಿ ಕೇಳಾಕತ್ತಾರ, ನಮ್ಮ ಹೆಸರು ಡಬ್ಬಿ ಅಂತ ಯಾವಾಗ ಇಟ್ರಿ ಅಂತ."

ಆ ಸಲ ನಮ್ಮ ಯಜಮಾನರು ಮಾತಾಡಿದರು. ಅವರು ಕಬ್ಬು, ದ್ರಾಕ್ಷಿ ನೋಡಿಕೊಂಡಿದ್ದವರು; ಸೊಸೆಯ ಕೆಲಸಕ್ಕೆ ಅಡ್ಡ ಬಂದವರಲ್ಲ. ಆದರೆ ಊರ ಮಂದಿ ದಾರಿಯಲ್ಲಿ ನಿಲ್ಲಿಸಿ, "ನಿಮ್ಮ ಸೊಸಿ ಮಾಡಿದ್ದು ವರ್ಷಾ ದಸರಾಕ್ಕ ಕೆಡತೈತಂತಲ್ರಿ?" ಎಂದು ಕೇಳುವುದು ಅವರಿಗೆ ನುಂಗಲಾರದ ತುತ್ತಾಗಿತ್ತು. ಊಟ ಮುಗಿಸಿ ಕೈ ತೊಳೆದು ಬಂದು ಹೇಳಿದರು: "ಇನ್ನೊಂದು ದಸರಾ ನೋಡೂಣು. ಆಗೂ ಬನ್ನಿ ಮರುದಿನ ಹಿಂಗ ಫೋನ್ ಬಂದ್ರ, ಆ ಅಂಗಡಿಯವನ ಪ್ರೋಗ್ರಾಮ್ ಹಾಕ್ಕೋಳ್ರಿ ಅಂತ ನಾನ ಡೇರಿಯವರಿಗೆ ಹೇಳತೇನಿ. ನೀ ಮನ್ಯಾಗ ಆರಾಮ ಇರು."

ಸೊಸೆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಆರಾಮ ಇರು. ಈ ಮಾತನ್ನು ಹೆಣ್ಣುಮಕ್ಕಳಿಗೆ ಪ್ರೀತಿಯಿಂದಲೇ ಹೇಳುತ್ತಾರೆ, ನನಗೂ ಹೇಳಿದ್ದರು. ಅಂಗಡಿಯವನೂ ಅಂಥದೇ ಒಂದು ಪ್ರೋಗ್ರಾಮು ಮಾರುತ್ತಿದ್ದ; ಅದರ ಚೀಟಿಯಲ್ಲಿ ಬರಿಯ ಖಾತೆ ನಂಬರು ಬರುತ್ತಿತ್ತು, ಹೆಸರಿರಲಿಲ್ಲ.

ಕೆಲವು ದಿನ ಕಳೆದು ಅಮಾವಾಸ್ಯೆ ಬಂತು. ನಾನು ಯಡೂರಿನ ಗಂಟು ಕಟ್ಟುತ್ತಿದ್ದೆ. ಸೊಸೆ ಕಲ್ಲನ್ನು ಅರಿವೆಯಲ್ಲಿ ಸುತ್ತಿ ಕೊಡುತ್ತ ನಕ್ಕಳು. ಇಲ್ಲಿ ಒಂದು ಮಾತು ನೆಟ್ಟಗೆ ಹೇಳಿಬಿಡುತ್ತೇನೆ. ಅತ್ತೆಯ ಗಂಟು ನೋಡಿ ಸೊಸೆಗೆ ಉಪಾಯ ಹೊಳೆಯಿತು ಎಂದು ನಮ್ಮ ಬಳಗದಲ್ಲಿ ಕಥೆ ಕಟ್ಟಿದ್ದಾರೆ. ಅದು ಖರೆ ಅಲ್ಲ. ಉಪಾಯ ಅವಳಿಗೆ ಮೊದಲೇ ಗೊತ್ತಿತ್ತು. ಪ್ರೋಗ್ರಾಮನ್ನು, ಅದರ ಭಾಷೆಯನ್ನು, ಎಲ್ಲ ತುಣುಕುಗಳನ್ನು, ಫಾಂಟನ್ನು ಒಟ್ಟಿಗೆ ಒಂದೇ ಚೀಲದಲ್ಲಿ ಕಟ್ಟುವುದು. ಎದುರಿನ ಮಶೀನಿನಲ್ಲಿ ಏನಿದೆ, ಏನಿಲ್ಲ ಎಂದು ನೋಡುವ ಗೋಜೇ ಬೇಡ. ಅದಕ್ಕೊಂದು ಉಪಕರಣವೂ ಇತ್ತಂತೆ. ಅವಳು ಮಾಡಿರಲಿಲ್ಲ, ಅಷ್ಟೇ.

"ಯಾಕ ಮಾಡಿಲ್ಲ ಮತ್ತ?"

"ಭಾಳ ದಪ್ಪ ಆಗತೈತ್ರಿ. ನನ್ನ ಪ್ರೋಗ್ರಾಮು ಅಂಗೈಯಷ್ಟ, ಗಂಟು ಗೋಣಿಚೀಲದಷ್ಟ. ತಿಳದವರು ನೋಡಿದ್ರ ನಗತಾರ. ಇಷ್ಟ ಸಣ್ಣ ಕೆಲಸಕ್ಕ ಇಷ್ಟ ಹೊತ್ತಾಳಲಾ ಅಂತ. ಎಲ್ಲರಿಗೂ ಒಂದ ಭಾಷಾ ಮಶೀನಿನಾಗ ಇರಬೇಕು, ಎಲ್ಲಾರೂ ಅದನ್ನ ಹಂಚಿಕೊಂಡು ಬಳಸಬೇಕು, ಅದ ಛಂದ ಅಂತ ಕಲಿಸ್ಯಾರ."

"ಹಂಚಿಕೊಂಡು ಬಳಸೂದು ಛಂದನ," ಅಂದೆ. "ಎದುರಿನವರು ವರ್ಷಾ ಅದನ್ನ ತೊಳದು ಚೆಲ್ಲಲಿಲ್ಲಂದ್ರ. ನಗೂ ಮಂದಿ ನಗ್ಲಿ ಬಿಡು. ನನ್ನ ನೋಡಿ ಆ ಬಸ್ಸಿನವರು ಎಷ್ಟ ವರ್ಷದಿಂದ ನಗಾಕತ್ತಾರ? ಕಂಡಕ್ಟರು ಬದಲಾದ್ರು, ನನ್ನ ಗಂಟು ಬದಲಾಗಿಲ್ಲ."

ನಾನು ಮಾಡಿದ್ದು ಇಷ್ಟೇ. ಕಲಿಸಿದ್ದು ಏನೂ ಇಲ್ಲ, ನಾಚಿಕೆ ಬಿಡು ಅಂದೆ.

ಅವಳು ಗಂಟು ಕಟ್ಟಲು ಕೂತಳು. ಮಗ ಅವಳಿಗೊಂದು ಹೊಸ ಲ್ಯಾಪ್‌ಟಾಪ್ ಕೊಡಿಸಿದ್ದ. ಮೊದಲು ಅದರಲ್ಲಿ ಕಟ್ಟಿದಳು. ಯಡೂರಿಗೆ ಒಯ್ದು ಹಾಕಿದರೆ ಅಲ್ಲಿಯ ಹಳೆಯ ಮಶೀನು ಅದನ್ನು ಬಾಗಿಲೊಳಗೇ ಬಿಡಲಿಲ್ಲ. ಹೊಸ ಮಶೀನಿನಲ್ಲಿ ಕಟ್ಟಿದ ಗಂಟು ಹಳೆಯದರಲ್ಲಿ ಬಿಚ್ಚುವುದಿಲ್ಲವಂತೆ. ಹಳೆಯದರಲ್ಲಿ ಕಟ್ಟಿದ್ದು ಎರಡರಲ್ಲೂ ಬಿಚ್ಚುತ್ತದಂತೆ. ಆಗ ಅವಳ ತವರಿನ ಈ ಹಳದಿ ಕಂಪ್ಯೂಟರಿಗೆ ಬೆಲೆ ಬಂತು. ಇದೂ ಡೇರಿಯ ಮಶೀನುಗಳ ಕಾಲದ್ದೇ. ಇದರೊಳಗೆ ಆ ಎರಡನೇ ವರ್ಷನ್ನಿತ್ತು, ತುಣುಕುಗಳೆಲ್ಲ ಒಂದಕ್ಕೊಂದು ಹೊಂದಿಕೊಂಡ ವರ್ಷನ್ನಿನಲ್ಲೇ ಇದ್ದವು. ಅದರಲ್ಲಿ ಒಂದೆರಡು ಈಗ ಹುಡುಕಿದರೂ ಸಿಗುತ್ತಿರಲಿಲ್ಲ. ಮಾಡಿದವರೇ ತೆಗೆದುಹಾಕಿ ಹೊಸದನ್ನು ಇಟ್ಟಿದ್ದರು. "ಪ್ರೋಗ್ರಾಮಿಂದು ನಕಲು ಪೆನ್‌ಡ್ರೈವಿನಾಗ ಐತ್ರಿ ಅತ್ತಿ," ಅಂದಳು ಸೊಸೆ. "ಆದ್ರ ಅಡಗಿಮನಿ ಇದ. ಇದು ಹೋದ್ರ ಮತ್ತ ಹಿಂಗ ಒಲಿ ಹೂಡಾಕ ಆಗಂಗಿಲ್ಲ."

ಗುಜರಿಗೆ ಕೊಡೋಣ ಎಂದು ಯಜಮಾನರು ಮೂಲೆಗಿಟ್ಟಿದ್ದ ಮಶೀನನ್ನು ನಾನು ಒರೆಸಿ ದೇವರ ಜಗಲಿಯ ಪಕ್ಕಕ್ಕೆ ತಂದಿಟ್ಟೆ.

ದಸರೆ ಹತ್ತಿರ ಬಂತು. ಯಡೂರಿನಲ್ಲಿ ಫಾರ್ಮ್ಯಾಟ್ ಮುಗಿದು ಗಂಟು ಹೋಗಿ ಕೂತಾಗಿತ್ತು. ಖಂಡೇಪೂಜೆಯ ಹಿಂದಿನ ದಿನ ಸೊಸೆ ಪಾಲಬಾವಿಗೆ ಹೋದಳು. ಅಂಗಡಿಯವನು ಈಗಾಗಲೇ ಅಲ್ಲಿ ಫಾರ್ಮ್ಯಾಟ್ ಹೊಡೆದು ಹೋಗಿದ್ದ. ಇವಳು ಗಂಟು ಹಾಕಿ, ಅದು ಅಲ್ಲಿ ತಾನೇ ಎದ್ದು ನಿಲ್ಲುವುದನ್ನು ನೋಡಿ ಬರಬೇಕಿತ್ತು. ಉಳಿದದ್ದು ಅನಂತಪುರ. ಆ ಡೇರಿಯ ಪ್ರಿಂಟರ್ ಬೇರೆ ತರಹದ್ದು, ಅದಕ್ಕೆ ಗಂಟಿನಲ್ಲಿ ಇನ್ನೊಂದು ತುಣುಕು ಸೇರಿಸಿ ಕಟ್ಟಬೇಕು. ಪಾಲಬಾವಿಯಿಂದ ಬಂದ ಮೇಲೆ ಈ ಹಳದಿ ಮಶೀನಿನಲ್ಲಿ ಕಟ್ಟಿ, ನನ್ನ ಮಗನ ಕೈಯಲ್ಲಿ ಕಳಿಸುವುದು ಎಂದಿತ್ತು.

ಸೊಸೆ ಹೋಗಿ ಸ್ವಲ್ಪ ಹೊತ್ತಾಗಿತ್ತು. ನಾನು ಹಿತ್ತಲಲ್ಲಿ ಹಿತ್ತಾಳೆ ಸಾಮಾನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ಬಾಗಿಲಲ್ಲಿ ದನಿ ಕೇಳಿತು. ನೋಡಿದರೆ ನಿಪ್ಪಾಣಿಯ ಅಂಗಡಿಯವನು, ಹೆಗಲಿಗೆ ಚೀಲ.

"ಕಾಕೂ, ಕಾಕಾ ಫೋನ್ ಮಾಡಿದ್ರು. ಮನ್ಯಾಗ ಒಂದು ಹಳೇ ಕಂಪ್ಯೂಟರ್ ಐತಿ, ಹಬ್ಬಕ್ಕ ಅದನ್ನೂ ಸ್ವಚ್ಛ ಮಾಡಿ ಕೊಡು ಅಂದ್ರು. ಈ ಕಡೆ ಹೊಂಟಿದ್ದೆ, ಬಂದೆ."

ಯಜಮಾನರು ಸೊಸೆಗೆ ಒಳ್ಳೆಯದಾಗಲಿ ಎಂದೇ ಕರೆಸಿದ್ದರು. ಹಳೆಯ ಮಶೀನು ಹೊಸದರ ಹಾಗಾದರೆ ಅವಳ ಕೆಲಸ ಕೆಡುವುದಿಲ್ಲ ಎಂಬ ಲೆಕ್ಕ ಅವರದು. ಹೂವು ತರಲು ಪೇಟೆಗೆ ಹೋಗಿದ್ದರು. ಸೊಸೆಗೆ ಫೋನು ಹಚ್ಚಿದೆ, ಹತ್ತಲಿಲ್ಲ, ಬಸ್ಸಿನಲ್ಲಿದ್ದಳೇನೋ. ಕೈಗೆ ಹುಣಸೆಹಣ್ಣು ಮೆತ್ತಿಕೊಂಡು ನಾನೊಬ್ಬಳೇ ಬಾಗಿಲಲ್ಲಿ ನಿಂತಿದ್ದೆ.

"ಬಾರಪ್ಪಾ, ಚಹಾ ಕುಡಿ," ಅಂದೆ. "ಕಂಪ್ಯೂಟರ್ ಮುಟ್ಟಬ್ಯಾಡ."

ಅವನು ನಕ್ಕ. "ಅಹೋ ಕಾಕೂ, ಹೆದರಬ್ಯಾಡ್ರಿ. ಲೆಕ್ಕದ್ದು, ಫೋಟೋದ್ದು ಎಲ್ಲಾ ತೆಗದಿಟ್ಟು ಆಮ್ಯಾಲ ಒರಸತೇನಿ. ಪ್ರೋಗ್ರಾಮೂ ತೆಗದಿಡತೇನಿ. ಹೊಸಾ ವರ್ಷನ್ ಎಲ್ಲಾ ಹಾಕಿ ಕೊಡತೇನಿ."

"ಹೊಸಾದು ಬ್ಯಾಡಂತ ಹೇಳಾಕತ್ತೇನಿ."

"ಹಳೇದು ಇಟ್ಕೊಂಡು ಏನ ಮಾಡ್ತೀರಿ? ಜಗತ್ತ ಮುಂದ ಹೋಗ್ಯದ. ನಿಮ್ಮ ಸೂನಬಾಯಿಗೂ ಹೇಳೇನಿ, ಎರಡನೇದು ಬಿಡ್ರಿ, ಅದು ಶಿಳ್ಯಾ ಆಗ್ಯದ." ಕಾಕೂ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ, ಸೂನಬಾಯಿ ಎಂದರೆ ಸೊಸೆ, ಶಿಳ್ಯಾ ಎಂದರೆ ತಂಗಳು.

"ತಂಗಳಾ ಇರ್ಲಿ. ಕೆಟ್ಟಿಲ್ಲಲಾ? ನಮ್ಮ ಮನ್ಯಾಗ ತಂಗಳ ರೊಟ್ಟಿ ದಿನಾ ತಿಂತೇವಿ."

"ಅವರು ಮಾಡಿದ ಆ ಗಂಟೂ ನೋಡೇನಿ ಯಡೂರಾಗ. ಏನ್ರಿ ಅದು ಕಾಕೂ, ಒಂದು ಚೀಟಿ ಕೊಡಾಕ ಒಳಗ ಒಂದು ಇಡೀ ಸಂಸಾರ ತುಂಬ್ಯಾರ. ಮಶೀನಿನಾಗ ಭಾಷಾ ಒಂದು ಇರಬೇಕು, ಗಂಟಿಗೊಂದು ಭಾಷಾ ಅಂದ್ರ ಹೆಂಗ?"

"ನೀ ಹಾಕಿದ ಭಾಷಾ ಅದು ಮುಟ್ಟತೈತೇನು?"

"ಇಲ್ಲ."

"ನಿನ್ನ ಜಾಗಾ ಕೇಳತೈತೇನು?"

"ಜಾಗಾ ಹಿಡೀತೈತಿ ಸ್ವಲ್ಪ," ಅಂದ. ಆಮೇಲೆ ಚೀಲ ಬಿಚ್ಚುತ್ತ ನಡುಮನೆಯ ಕಡೆ ಹೆಜ್ಜೆ ಇಟ್ಟ. "ಕಾಕಾ ಹೇಳ್ಯಾರಂತ ಬಂದೇನ್ರಿ. ಮನೀ ಹಿರೇರ ಮಾತು."

ನಾನು ಹೋಗಿ ಕಂಪ್ಯೂಟರಿನ ಮುಂದೆ ಮಣೆ ಹಾಕಿಕೊಂಡು ಕೂತೆ. ದೇವರ ಜಗಲಿ ಒಂದು ಕಡೆ, ಇದು ಒಂದು ಕಡೆ, ನಡುವೆ ನಾನು. "ಇದು ಈಗ ದೇವರ ಸಾಮಾನಿನಾಗ ಕುಂತೈತಿ. ನಾ ಮೈ ತೊಳಕೊಂಡು ಪೂಜಿ ಮಾಡೂತನಕ ಯಾರೂ ಮುಟ್ಟಂಗಿಲ್ಲ. ಪೂಜಿ ನಾಳೆ. ಹಿರೇರಿಗೆ ನಾ ಹೇಳತೇನಿ. ಈಗ ಚಹಾ ಕುಡದು ಹೋಗು."

ಅವನಿಗೆ ಸಿಟ್ಟು ಬಂತು, ಆದರೆ ಕಾಕೂ ಎಂದು ಕರೆದ ಮೇಲೆ ಏನು ಮಾಡುತ್ತಾನೆ. ಚಹಾ ಕುಡಿದ. ಹೋಗುವಾಗ ಹೊಸ್ತಿಲಲ್ಲಿ ನಿಂತು, "ಬನ್ನಿ ಮರುದಿನ ಫೋನ್ ಬರತಾವ ನೋಡ್ರಿ," ಅಂದ.

"ಬರ್ಲಿ. ಎತ್ತೂದು ನಮಗ ಗೊತ್ತೈತಿ."

ಹೂವು ತಂದ ಯಜಮಾನರು ನಾನು ಮಣೆಯ ಮೇಲೆ ಕೂತದ್ದನ್ನು ನೋಡಿದರು. ವಿಷಯ ಹೇಳಿದೆ. "ನಾ ಕರಿಸಿದ ಮನಶ್ಯಾನ ಹೊಳ್ಳಿ ಕಳಿಸಿದೆಲ್ಲಾ?" ಅಂದರು. ಕಳಿಸಿದೆ ಅಂದೆ. ಮದುವೆಯಾಗಿ ಅಷ್ಟು ವರ್ಷದಲ್ಲಿ ಅವರು ಕರೆದವರನ್ನು ನಾನು ಬಾಗಿಲಿಂದ ಕಳಿಸಿದ್ದು ಅದೇ ಮೊದಲು. ಅವರು ಹೂವಿನ ಚೀಲ ಕೆಳಗಿಟ್ಟು, "ಫೋನ್ ಬಂದ್ರ ನಾ ಆಡಿದ ಮಾತು ಆಡಿದ್ದ. ನಿನ್ನ ಹಟ ಅದಕ್ಕ ಅಡ್ಡ ಬರಂಗಿಲ್ಲ," ಅಂದರು. ಆಗಲಿ ಅಂದೆ.

ಸಂಜೆ ಸೊಸೆ ಬಂದಳು. ಕಥೆ ಕೇಳಿ ಮೊದಲು ಮಶೀನು ಹಚ್ಚಿ ನೋಡಿದಳು. ಎಲ್ಲ ಇದ್ದ ಹಾಗೇ ಇತ್ತು. ಆಮೇಲೆ ನನ್ನ ಕೈ ಹಿಡಿದುಕೊಂಡಳು. ಪಾಲಬಾವಿಯ ಸುದ್ದಿ ಕೇಳಿದೆ. ಅಲ್ಲಿಯ ಮಶೀನಿನೊಳಗಿನ ವೈರಸ್ ಕಾಯುವ ಪ್ರೋಗ್ರಾಮು ಇವಳ ಗಂಟನ್ನು ಕಳ್ಳನೆಂದು ಹಿಡಿದು ಕೂಡಿಹಾಕಿತ್ತಂತೆ; ಒಂದೇ ಗಂಟಿನಲ್ಲಿ ಇಷ್ಟೆಲ್ಲ ಕಟ್ಟಿಕೊಂಡು ಬಂದವರ ಮೇಲೆ ಅದಕ್ಕೆ ಸಂಶಯ. ಬಿಡಿಸಿ, ಇವರು ನಮ್ಮವರು ಎಂದು ಅದಕ್ಕೆ ಗುರುತು ಹೇಳಿ ಬಂದಿದ್ದಳು. ಊಟಕ್ಕೆ ಮುಂಚೆ ಅನಂತಪುರದ ಗಂಟನ್ನು ಕಟ್ಟಿ ಮುಗಿಸಿದಳು. ಫ್ಯಾನು ಗಿರಣಿಯ ಹಾಗೆ ತಿರುಗುತ್ತಿತ್ತು. ಕರೆಂಟು ಹೋಗಲಿಲ್ಲ. ಅಂದಿನ ದಯೆಗಳಲ್ಲಿ ಅದನ್ನೇ ದೊಡ್ಡದೆಂದು ಎಣಿಸಿದೆ.

ಖಂಡೇಪೂಜೆ ಆಯಿತು. ಮಗ ಪೂಜೆ ಮುಗಿಸಿಕೊಂಡು ಗಾಡಿಗೆ ಹೂವು ಕಟ್ಟಿ ಅನಂತಪುರಕ್ಕೆ ಹೋಗಿ ಗಂಟು ಕೊಟ್ಟು ಬಂದ. ಮಾರನೆಯ ಸಂಜೆ ಬನ್ನಿ. ನಮ್ಮಲ್ಲಿ ಬನ್ನಿ ಎಲೆ ಕೊಡಲು ಸಣ್ಣವರು ಹಿರಿಯರ ಮನೆಗೆ ಬರಬೇಕು. ಜಗಳ ಇದ್ದವರು ಮೊದಲು ಬರಬೇಕು. ಅಂಗಡಿಯವನ ಮಾವನ ಮನೆ ನಮ್ಮ ಓಣಿಯಲ್ಲೇ ಇತ್ತು, ಹಬ್ಬಕ್ಕೆ ಬಂದಿದ್ದ. ಬಂದು ನನ್ನ ಕೈಯಲ್ಲಿ ಎಲೆ ಇಟ್ಟು ಕಾಲಿಗೆ ಬಿದ್ದ. "ಬಂಗಾರದ್ಹಂಗ ಇರೂಣ್ರಿ ಕಾಕೂ."

"ಇರೂಣಪ್ಪಾ," ಎಂದು ಹೋಳಿಗೆ ಕೊಟ್ಟೆ, ಮೇಲೆ ತುಪ್ಪ ಬಿಟ್ಟೆ. ಅವನು ತಿನ್ನುತ್ತ ನಡುಮನೆಯ ಕಡೆ ಓರೆಗಣ್ಣಲ್ಲಿ ನೋಡಿ, "ಈಗ ಪೂಜಿ ಆತಲ್ರಿ?" ಅಂದ.

"ಆತು. ಇನ್ನೊಂದು ಹೋಳಿಗಿ ತಿನ್ನು," ಅಂದೆ. ಅವನು ನಕ್ಕ. ಯಜಮಾನರೂ ನಕ್ಕರು, ಆದರೆ ಅವರ ಕಣ್ಣು ಫೋನಿನ ಮೇಲೆ ಇತ್ತು.

ಬನ್ನಿಯ ಮರುದಿನ ಬೆಳಿಗ್ಗೆ ಡೇರಿಯ ಹೊತ್ತಿಗೆ ಯಜಮಾನರು ಫೋನಿನ ಪಕ್ಕದಲ್ಲೇ ಕೂತಿದ್ದರು. ನಾನು ಲಿಂಗಪೂಜೆಗೆ ಕೂತಿದ್ದೆ, ಮನಸ್ಸು ಕೂತಿರಲಿಲ್ಲ. ಸೊಸೆ ರೊಟ್ಟಿ ಬಡಿಯುವ ಸದ್ದು ಎಂದಿಗಿಂತ ಜೋರಾಗಿತ್ತು. ಹಾಲಿನ ಹೊತ್ತು ದಾಟಿತು. ಯಡೂರಿನಿಂದ ಫೋನಿಲ್ಲ. ಅನಂತಪುರದಿಂದ ಇಲ್ಲ. ನಾನು ಮಂಗಳಾರತಿ ಎತ್ತಿದಾಗ ಫೋನು ಬಡಿಯಿತು.

ರೊಟ್ಟಿಯ ಸದ್ದು ನಿಂತಿತು. ಯಜಮಾನರು ಎತ್ತಿದರು. ಪಾಲಬಾವಿಯ ಸೆಕ್ರೆಟರಿ, ಆ ದನಿ ಫೋನಿನಿಂದ ಹೊರಗೂ ಕೇಳುತ್ತಿತ್ತು. "ಸಾವಕಾರ್ರ, ಬಾಯಾರ ಇದ್ದಾರೇನ್ರಿ? ನಿನ್ನೆ ನಮ್ಮ ಡೇರಿ ಹುಡುಗೂರು ಹಬ್ಬದ ಹುರುಪಿನಾಗ ಮಶೀನ್ ಮತ್ತೊಮ್ಮಿ ಒರಸಿ ಬಿಟ್ಟಿದ್ರು. ಬಾಯಾರು ಕೊಟ್ಟ ಪೆನ್‌ಡ್ರೈವ್ ಚುಚ್ಚಿ ನಾನ ಗಂಟು ಹಾಕಿದೆ. ಎದ್ದ ನಿಂತತ್ರಿ. ಯಾರನೂ ಏನೂ ಕೇಳಲಿಲ್ಲ ನೋಡ್ರಿ ಅದು. ಹೆಸರೂ ಬರೋಬರಿ ಬಂದಾವ, ಡಬ್ಬಿ ಇಲ್ಲ. ಬಾಜೂ ಊರಿನ ಡೇರಿಯವರು ನೋಡಾಕ ಬಂದಾರ, ಬಾಯಾರ ಜೋಡಿ ಮಾತಾಡಬೇಕಂತ."

ಯಜಮಾನರು ಫೋನು ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಿಗೆ ಹೋಗಿ, "ತಗೋ ಯವ್ವಾ, ನಿನಗ ಫೋನು," ಅಂದರು. ಆರಾಮ ಇರು ಎಂಬ ಮಾತು ಆ ಮೇಲೆ ಅವರ ಬಾಯಿಂದ ಬರಲಿಲ್ಲ. ಅವತ್ತು ಮಧ್ಯಾಹ್ನ ತಲೆಗೆ ಸುತ್ತುವ ಹಳೆಯ ರೇಶ್ಮೆ ಪಟಕದ ಒಂದು ತುಂಡು ತಂದು ಹಳದಿ ಕಂಪ್ಯೂಟರಿಗೆ ಹೊದಿಸಿದರು, ಧೂಳು ಬೀಳದಿರಲಿ ಎಂದು. ಧೂಳು ಬೀಳುತ್ತಿರಲಿಲ್ಲ, ನಾನು ದಿನಾ ಒರೆಸುತ್ತಿದ್ದೆ. ಇರಲಿ ಎಂದು ಬಿಟ್ಟೆ.

ಗಂಟಿಗೆ ಅದರದೇ ಭಾರವೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಒಳಗಿನ ಒಂದು ತುಣುಕಿನಲ್ಲಿ ದೋಷ ಕಂಡರೆ ಒಂದು ಕಡೆ ಸರಿಮಾಡಿದರೆ ಮುಗಿಯುವುದಿಲ್ಲ. ಪ್ರತಿ ಗಂಟನ್ನೂ ಮತ್ತೆ ಕಟ್ಟಬೇಕು, ಪ್ರತಿ ಊರಿಗೂ ಮತ್ತೆ ಹೋಗಬೇಕು. ಊರುಗಳು ಹೆಚ್ಚಿದ ಮೇಲೆ ಸೊಸೆ ಎಷ್ಟೋ ವಾರ ಬಸ್ಸಿನಲ್ಲೇ ಕಳೆದಳು. ಬಯ್ದುಕೊಳ್ಳುತ್ತಲೇ ಹೋದಳು. ಆದರೆ ಅವಳು ಹೋದದ್ದು ತನ್ನ ತಪ್ಪು ತಿದ್ದಲು. ಬೇರೆಯವರು ಹಬ್ಬಕ್ಕೆ ತೊಳೆದದ್ದಕ್ಕೆ ಅಲ್ಲ. ಎರಡಕ್ಕೂ ಬಹಳ ಅಂತರವಿದೆ.

ಆಮೇಲೆ ಚೀಟಿಯ ತುಣುಕು ಮೂರನೇ ವರ್ಷನ್ನಿಗೂ ಬಂತು. ಸೊಸೆ ಅವಸರ ಮಾಡಲಿಲ್ಲ. ತನಗೆ ಹೊತ್ತಾದಾಗ, ತನಗೆ ಸರಿ ಅನ್ನಿಸಿದಾಗ, ಒಂದೊಂದು ಸಾಲನ್ನೂ ತಾನೇ ಹೊಸದಕ್ಕೆ ಹೊರಳಿಸಿಕೊಂಡಳು. ಹೊಸದು ಬಂತೆಂದು ಯಾರೋ ಕಹಳೆ ಊದಿದ ದಿನ ಅಲ್ಲ. ಹೊಸ ಊರುಗಳಿಗೆ ಹೊಸ ಗಂಟು ಹೋಗುತ್ತದೆ. ಯಡೂರಿನ ಡೇರಿಯಲ್ಲಿ ಮಾತ್ರ ಆ ಹಳೆಯ ಮಶೀನು ಇನ್ನೂ ಇದೆ, ಅದಕ್ಕೆ ಇನ್ನೂ ಈ ಹಳದಿ ಒಲೆಯ ಗಂಟೇ ಬೇಕು. ಆ ಮುದುಕಿ ಈಗ ಇಲ್ಲ. ಅವಳ ಸೊಸೆ ಹಾಲು ಹಾಕುತ್ತಾಳೆ, ಚೀಟಿಯಲ್ಲಿ ಅವಳ ಹೆಸರು ಬರುತ್ತದೆ.

ಹೋದ ಅಮಾವಾಸ್ಯೆಗೆ ಇಬ್ಬರೂ ಕೂಡಿಯೇ ಯಡೂರಿಗೆ ಹೋದೆವು. ನನ್ನ ಗಂಟು ಕಾಲ ಬಳಿ, ಅವಳ ಪೆನ್‌ಡ್ರೈವು ಪರ್ಸಿನಲ್ಲಿ. ಕಂಡಕ್ಟರು ಹೊಸಬ, ಎಳೆಯ ಹುಡುಗ. ನನ್ನ ಗಂಟನ್ನು ಕಾಲಿನಿಂದ ಸರಿಸಲು ನೋಡಿ, ಅದು ಅಲುಗದೆ, "ಏನೈತ್ರಿ ಆಯಿ ಇದರಾಗ, ಕಲ್ಲೇನು?" ಅಂದ.

"ಹೌದಪ್ಪಾ, ಕಲ್ಲ," ಅಂದೆ. "ಎರಡು ಟಿಕೆಟ್ ಕೊಡು."